ಖಾಲಿ ಹೊಟ್ಟೆಯಲ್ಲಿ ಬನ್ನಿ

ದುರ್ಗಿಗುಡಿಯ ಎರಡನೇ ಅಡ್ಡರಸ್ತೆಯಲ್ಲಿ
ಬೆಳಗಿನ ಆರೂವರೆಗೆ ಶಟರ್ ಎತ್ತುವವಳು ನಾನು.
ಮೆಟ್ಟಿಲ ಮೇಲೆ ಆಗಲೇ ನಾಲ್ಕು ಜನ,
ಕಾಫಿ ಕುಡಿಯದ ಮುಖ ಹೊತ್ತು.
ಮುಷ್ಟಿ ಹಿಡೀರಿ, ಅನ್ನುತ್ತೇನೆ. ಬಿಡಿ, ಅನ್ನುತ್ತೇನೆ.
ಹದಿನಾರು ವರ್ಷದಿಂದ ಇಷ್ಟೇ ನನ್ನ ಮಾತು.

ಈ ಊರನ್ನು ನಾನು ನರ ಹಿಡಿದು ಗುರುತಿಸುತ್ತೇನೆ.
ಬಲಗೈಯಲ್ಲಿ ಸಿಗದೆ ಎಡಗೈಯಲ್ಲಿ ಸಿಗುವವರು,
ಸೂಜಿ ಕಂಡರೆ ಗೋಡೆಯ ಕ್ಯಾಲೆಂಡರ್ ಓದುವವರು.
ಸಂಜೆ ಗಾಂಧಿ ಬಜಾರಿಗೆ ಹೋದರೆ
ಎದುರಿಗೆ ಅಂಕಿಗಳೇ ನಡೆದು ಬರುತ್ತವೆ.
ಮಿಠಾಯಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮುನ್ನೂರ ಹನ್ನೆರಡು
'ಬಿಸಿ ಜಿಲೇಬಿ ಮೇಡಂ' ಎಂದು ಕರೆಯುತ್ತದೆ.
ಏಳೂವರೆ ಹಿಮೋಗ್ಲೋಬಿನ್ ಒಂದು
ಸೊಂಟದ ಮೇಲೆ ಮಗು ಇಟ್ಟುಕೊಂಡು
ಸೊಪ್ಪಿಗೆ ಚೌಕಾಸಿ ಮಾಡುತ್ತಿರುತ್ತದೆ.
ಎರಡು ಕಟ್ಟು ಹೆಚ್ಚಿಗೆ ತಗೋ ತಾಯಿ,
ಬಾಯಿಗೆ ಬಂದದ್ದನ್ನು ನುಂಗಿ ಮುಂದೆ ಹೋಗುತ್ತೇನೆ.

ಟೈಲರ್ ತುಕೋಜಿರಾಯರಿಗೂ ಹೀಗೇ ಆಗುತ್ತಿರಬೇಕು.
ನೆಹರೂ ರಸ್ತೆಯ ಹಿಂದಿನ ಓಣಿಯಲ್ಲಿ
ಅವರ ನೀಲಿ ರಟ್ಟಿನ ಪುಸ್ತಕದಲ್ಲಿ
ಅರ್ಧ ಊರಿನ ಎದೆ, ಸೊಂಟ, ತೋಳು.
ಯಾರು ಬಸುರಿ, ಯಾರು ಬಳಲಿದ್ದಾರೆ,
ಯಾರ ಮನೆಯಲ್ಲಿ ಅಪ್ಪನ ಪ್ಯಾಂಟು ಮಗನಿಗಿಳಿಯಿತು,
ಟೇಪಿಗೆ ಎಲ್ಲರಿಗಿಂತ ಮೊದಲು ಗೊತ್ತು.
ನಾನೂ ಇದ್ದೇನೆ ಅದರಲ್ಲಿ, ನಲವತ್ತೊಂದನೇ ಪುಟ.
ಅವರ ರಕ್ತ ನನ್ನ ರಿಜಿಸ್ಟರಿನಲ್ಲಿ.
ಲೆಕ್ಕ ಚುಕ್ತಾ.

ಹೋದ ತಿಂಗಳು ನನ್ನ ಮೈಯಲ್ಲೇ
ಒಂದು ಅನುಮಾನ ಶುರುವಾಯಿತು.
ಶಿವಮೊಗ್ಗದಲ್ಲಿ ಲ್ಯಾಬಿಗೇನು ಬರ?
ಎಲ್ಲದರಲ್ಲೂ ನನ್ನ ಜೊತೆ ಓದಿದವರು, ನಾನು ಕಲಿಸಿದವರು,
ಒಂದರಲ್ಲಿ ನಾದಿನಿ.
ಸೀಸೆಗೆ ನನ್ನ ಹೆಸರು ಅಂಟಿಸುವುದರೊಳಗೆ
ಮರುಕ ಬಾಗಿಲಿಗೆ ಬಂದಿರುತ್ತದೆ, ಹಾಲಿನ ಪ್ಯಾಕೆಟ್ಟಿನ ಜೊತೆ.
ಅದಕ್ಕೇ ರಜೆ ಹಾಕಿ
ಭದ್ರಾವತಿ ಬಸ್ಸು ಹತ್ತಿದೆ, ಖಾಲಿ ಹೊಟ್ಟೆಯಲ್ಲಿ.
ನಿದಿಗೆ, ಮಾಚೇನಹಳ್ಳಿ, ಹೊಗೆ ಬಿಡದ ಚಿಮಣಿ.
ಒಂದು ಗಂಟೆಯೂ ಇಲ್ಲದ ದಾರಿಗೆ
ನಾನು ಯಾರೂ ಅಲ್ಲ. ಎಂಥ ಸುಖ!
ಹುಡುಗಿ ಹೆಸರು ಕೇಳಿದಳು. ಶಾರದೆ ಅಂದೆ.

ಬೆಂಚಿನ ಆ ತುದಿಯಲ್ಲಿ, ಪೇಪರಿನ ಹಿಂದೆ,
ಕಾಲರಿಗೆ ಸಿಕ್ಕಿಸಿದ ಸೂಜಿ ತೆಗೆಯಲು ಮರೆತು
ತುಕೋಜಿರಾಯರು.

'ನೂಲು ತಗೊಳ್ಳೋಕೆ ಬಂದಿದ್ದೆ.'
'ಇಲ್ಲೇ ಗೆಳತಿ ಮನೆ.'
ಇಬ್ಬರೂ ತಲೆಯಾಡಿಸಿದೆವು,
ರಕ್ತ ಪರೀಕ್ಷೆಯ ಅಂಗಡಿಯಲ್ಲಿ ನೂಲಿನುಂಡೆ ಮಾರುತ್ತಾರೇನೋ ಎಂಬಂತೆ.
ಅಷ್ಟರಲ್ಲಿ ಹುಡುಗಿ ಕೂಗಿದಳು,
'ರಾಮಚಂದ್ರ! ಯಾರ್ರೀ ಇಲ್ಲಿ ರಾಮಚಂದ್ರ?'
ರಾಯರು ಮೆಲ್ಲಗೆ ಎದ್ದರು.

ವಾಪಸು ಒಂದೇ ಬಸ್ಸು, ಒಂದೇ ಸೀಟು ಖಾಲಿ.
ನೀವು ಕೂತ್ಕೊಳ್ಳಿ, ಇಲ್ಲ ನೀವು ಕೂತ್ಕೊಳ್ಳಿ,
ಅನ್ನುತ್ತ ಮಲವಗೊಪ್ಪದವರೆಗೆ ನಿಂತೇ ಬಂದೆವು,
ಹತ್ತಿ ಒತ್ತಿಟ್ಟು ಮಡಚಿದ ಒಂದೊಂದು ಕೈ,
ಕಂಬಿ ಹಿಡಿದ ಒಂದೊಂದು ಕೈ.
ಏನಂತೆ ಎಂದು ಅವರು ಕೇಳಲಿಲ್ಲ.
ನಾನೂ.
ಸರ್ಕಲ್ಲಿನಲ್ಲಿ ಇಳಿದಾಗ ಹಣ್ಣಿನ ಗಾಡಿಯ ಜಬೀನಾ,
'ಏನು, ಒಟ್ಟಿಗೆ ಸವಾರಿ?'
'ಒಂದು ಮದುವೆ ಇತ್ತಮ್ಮ' ಅಂದರು ರಾಯರು.
ಸಂಜೆಯೊಳಗೆ ಊರಿಗೆಲ್ಲ ಸುದ್ದಿ.
ತಮ್ಮನ್ನು ಕರೆಯಲಿಲ್ಲವೆಂದು
ಇಬ್ಬರು ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಭದ್ರಾವತಿಯ ಲಕೋಟೆ ಬೀರುವಿನಲ್ಲಿದೆ,
ಸೀರೆಗಳ ಕೆಳಗೆ. ಅದರ ಮಾತು ಬೇಡ.

ನಿನ್ನೆ ಹೊಲಿಯಲು ಕೊಟ್ಟಿದ್ದ ರವಿಕೆ ಬಂತು.
ಅಳತೆ ತೆಗೆದಿರಲಿಲ್ಲ, ನಲವತ್ತೊಂದನೇ ಪುಟ ಇದೆಯಲ್ಲ.
ತೊಟ್ಟು ನೋಡಿದರೆ ಎರಡೂ ಪಕ್ಕೆಗೆ
ಅರ್ಧ ಇಂಚು ಒಳಗೆ ಹಿಡಿದಿದ್ದಾರೆ.
ಸರಿಯಾಗಿ ಕೂತಿದೆ.
ತಿರುವಿ ನೋಡಿದೆ:
ಒಳಗಿನ ಬಟ್ಟೆ ಕತ್ತರಿಸಿಲ್ಲ,
ಮತ್ತೆ ಮೈ ತುಂಬಿಕೊಂಡಾಗ ಬಿಚ್ಚಿಕೊಳ್ಳಲಿ ಎಂದು
ಉದ್ದಕ್ಕೂ ಹಾಗೇ ಬಿಟ್ಟಿದ್ದಾರೆ.