ಹಾವೇರಿ ಆವೃತ್ತಿ

ಮೊದಲ ಸಲ ಅವನ ಹೆಸರು ಬಂದ ರಾತ್ರಿ
ಆರನೇ ಕಾಲಮ್ಮಿನ ತಳಕ್ಕ ನಾಕು ಸಾಲು ಜಾಗ ಉಳದಿತ್ತು.
ರಣಜಿ ಸ್ಕೋರು ತುಂಬಿ, ಕುಸ್ತಿ ತುಂಬಿ,
ದಾಂಡೇಲಿ ವಾಲಿಬಾಲೂ ತುಂಬಿ
ಇನ್ನೂ ನಾಕು ಸಾಲು.
ಏಜೆನ್ಸಿ ಸುದ್ದ್ಯಾಗ ಕೈ ಹಾಕಿದ್ರ ಅಂವ ಸಿಕ್ಕ:
ಪೋಹಾಂಗ್ ಊರಿನ ತಂಡಕ್ಕ ಹತ್ತೊಂಬತ್ತರ ಹುಡುಗ,
ಮಿಡ್‌ಫೀಲ್ಡರ್, ಮೊದಲ ಪಂದ್ಯ. ಗೋಲ್ ಇಲ್ಲ.
ಇಂಗ್ಲಿಷಿನ ಮೂರಕ್ಷರಕ್ಕ ಕನ್ನಡದಾಗ ಏನ ಬರೀಬೇಕು?
ಟಾಕ್ ಅಂತ ಬರದೆ. ಅಳಿಸಿದೆ. ತಾಕ್ ಅಂತ ಬರದೆ.

ಕರಡು ತಿದ್ದೋ ಯಲಿಗಾರ ಕಾಕಾ,
ಮೂಗಿನ ತುದಿಗೆ ಚಷ್ಮಾ, ಬಾಯಾಗ ಎಲಿ,
ಕೊಂಬು ಬಿಟ್ಟಾರ ಅಂದು
'ತಾಕು' ಮಾಡಿ ಕಳಿಸಿದ.
ಮುಂಜಾನೆ ನೋಡಿದೆ. ಸಿಟ್ಟು ಬರಲಿಲ್ಲ.
ಬರೇ ತಾಕೋದ ಅಲ್ಲೇನು ಅವನ ಕೆಲಸ?

ಹದಿನಾಲ್ಕು ವರ್ಷ ಹಂಗ ಹೊಂಟಿತು.
ನಾ ಅವನ ಆಟ ನೋಡಿದ್ದು ಒಟ್ಟು ಹನ್ನೊಂದು ಸೆಕೆಂಡು,
ಪುಟ ಕಟ್ಟೋ ಹುಡುಗ ಇಮಾಮ್‌ಹುಸೇನ ಫೋನಿನ್ಯಾಗ ತೋರಿಸಿದ್ದ:
ಬೂದಿಬಣ್ಣದ ಮಳಿ, ಅಂವ ಬೆನ್ನು ತಿರುವಿ ನಿಂತಾನ,
ಚೆಂಡು ಬರೋಕ್ಕಿಂತ ಮೊದಲ
ಎಡಭುಜದ ಮ್ಯಾಲಿಂದ ಹಿಂದಕ್ಕ ನೋಡತಾನ,
ಮತ್ತೊಮ್ಮೆ ನೋಡತಾನ,
ಚೆಂಡು ಬರತೈತಿ. ಹೋಗತೈತಿ.
ಗೋಲ್ ಹೊಡದವನ ಮ್ಯಾಲೆ ಎಲ್ಲಾರೂ ಬಿದ್ದಾರ.
ಅಂವ ಆಗಲೇ ನಡುವಿನ ಗೆರಿ ಕಡೆ ವಾಪಸ್ ಹೊಂಟಾನ
ಸಾಕ್ಸ್ ಏರಿಸಿಕೋತ.

ಉಳದದ್ದೆಲ್ಲ ನಾ ಬರದಷ್ಟ:
ರಾಷ್ಟ್ರೀಯ ತಂಡದ ಇಪ್ಪತ್ತಾರರ ಪಟ್ಟಿ, ಅದರಾಗ ತಾಕು.
ಇಪ್ಪತ್ತಮೂರರ ಪಟ್ಟಿ, ಅದರಾಗ ಇಲ್ಲ.
ಇಪ್ಪತ್ತೇಳಕ್ಕ ಫೌಜು. ಅಲ್ಲಿ ಎಲ್ಲಾರೂ ಹೋಗಬೇಕಂತ,
ತಲಿ ಬೋಳಿಸಿಕೊಂಡು ಸಿಪಾಯಿಗಳ ತಂಡಕ್ಕ ಆಡಿದ.
ಮೊಳಕಾಲು. ಮತ್ತ ಮೊಳಕಾಲು.
ಥಾಯ್ಲೆಂಡಿಗೆ ಹೋದ, ಆರು ತಿಂಗಳು ಪಗಾರ ಕೊಡಲಿಲ್ಲಂತ, ತಿರುಗಿ ಬಂದ.
ಎರಡನೇ ದರ್ಜೆ ತಂಡ. ಬೆಂಚು.
ನಮ್ಮಲ್ಲೂ ಅಂವಗ ಬೆಂಚ:
ರಾತ್ರಿ ಹನ್ನೆರಡೂವರಿಗೆ ಸೀರಿ ಅಂಗಡಿ ಜಾಹೀರಾತು ಬಂತಂದ್ರ
ಮೊದಲು ಹೊರಗ ಹೋಗಾಂವ ತಾಕು.

ಅವಗೊಬ್ಬ ಓದುಗ ಇದ್ದಾನ ಅಂತ ತಿಳದದ್ದು ಒಂದು ಕಾರ್ಡಿನಿಂದ.
ಪರಶುರಾಮಸಾ ಮೇರವಾಡೆ, ಬೆಟಗೇರಿ.
'ಮಾನ್ಯರೆ, ಎರಡು ತಿಂಗಳಾಯಿತು, ತಾಕು ಸುದ್ದಿ ಇಲ್ಲ.
ನಾನೂ ನಮ್ಮ ಓಣಿ ತಂಡಕ್ಕೆ ಹಾಫ್‌ಬ್ಯಾಕ್ ಇದ್ದೆ.
ನಮ್ಮಂಥವರ ಫೋಟೋ ಪೇಪರಿನಲ್ಲಿ ಬರುವುದಿಲ್ಲ, ಅದು ಗೊತ್ತು.
ಆರಾಮ ಇದ್ದಾನೆಯೇ, ಅಷ್ಟು ತಿಳಿಸಿರಿ.'
ಮುಂದ ವರ್ಷಕ್ಕ ಎರಡು ಕಾರ್ಡು.
ಒಂದಕ್ಕೂ ನಾ ಉತ್ತರ ಬರೀಲಿಲ್ಲ.
ಜಾಹೀರಾತಿನವರ ಕೂಡ ಎರಡು ಸಾಲಿಗೆ ಜಗಳಾಡಿದೆ, ಆಗಾಗ.

ಹೋದ ನವೆಂಬರದಾಗ ಅಂವ ಬೂಟು ಬಿಚ್ಚಿದ.
ಮೂವತ್ತಮೂರು ವರ್ಷ, ಕಡೀ ಪಂದ್ಯದಾಗ ಏಳು ನಿಮಿಷ,
ಒಟ್ಟು ಗೋಲು ಹದಿನಾರು.
ಎಷ್ಟು ಸಲ ತಾಕಿದ ಅಂತ ಏಜೆನ್ಸಿಯವರು ಬರದಿದ್ದಿಲ್ಲ.
ನಾ ಎಂಟು ಸಾಲು ಬರದೆ, ತಲೆಬರಹ ಕೊಟ್ಟೆ.
ಯಲಿಗಾರ ಕಾಕಾನ ಖುರ್ಚಿ ಈಗಿಲ್ಲ,
ಕೊಂಬು ನಾನ ಹಚ್ಚಿದೆ.
ಆಮ್ಯಾಲೆ ಮ್ಯಾಲಿನ ಮಜಲಿನಿಂದ ಫೋನು:
ಗದಗ ಆವೃತ್ತಿಗೆ ಶ್ರದ್ಧಾಂಜಲಿ, ಎರಡು ಕಾಲಂ, ಬಣ್ಣದ್ದು.
ಹುಬ್ಬಳ್ಳಿ-ಧಾರವಾಡಕ್ಕ ಫ್ಲ್ಯಾಟು.
ಹಾವೇರಿಗೆ ಏನೂ ಇದ್ದಿಲ್ಲ.

ಒಂದೂ ಇಪ್ಪತ್ತಕ್ಕ ಹಾವೇರಿ ಗಾಡಿ ಗಬ್ಬೂರ ದಾಟಿತು
ಬಂಡಲಿಗೆ ಬಂಡಲು ಅವನ ವಿದಾಯ ಹೊತಗೊಂಡು,
ಏಲಕ್ಕಿ ಮಾಲಿ ಪೋಣಿಸೋರ ಬಾಗಲಕ್ಕ,
ಬ್ಯಾಡಗಿ ಮೆಣಸಿನಕಾಯಿ ದಲಾಲರ ಬಾಗಲಕ್ಕ,
ತಾಕು ಯಾರು ಅಂತ ಒಮ್ಮೆಯೂ ಕೇಳದವರ ಬಾಗಲಕ್ಕ.

ಡಿಸೆಂಬರಿಗೆ ಕಾರ್ಡು ಬಂತು.
'ಈ ಸೀಸನ್ನಿಗೆ ತಾಕು ಯಾವ ತಂಡ?'

ಬೆಟಗೇರ್ಯಾಗ ಅಂವ ಇನ್ನೂ ಆಡಾಕತ್ತಾನ.
ಮಳ್ಯಾಗ, ಎಡಭುಜದ ಮ್ಯಾಲಿಂದ,
ಚೆಂಡಿಗಿಂತ ಮೊದಲ ಹಿಂದಕ್ಕ ನೋಡಾಕತ್ತಾನ.
ಸ್ಟೇಶನ್ ಅಂಚೆ ಕಚೇರಿಯಿಂದ ಎಂಟಾಣೆ ಕಾರ್ಡು ತಂದೀನಿ.
ವಿಳಾಸ ಅಷ್ಟ ಬರದೀನಿ.