ಸಣ್ಣ ತಿದ್ದುಪಡಿ

ಹದಿನೈದು ದಿನಕ್ಕೊಮ್ಮೆ ಡೆಹ್ರಾಡೂನಿನಿಂದ
ಕಡಲ ಸುದ್ದಿ ಬರುತ್ತದೆ ಬೈತಖೋಲಿಗೆ.
ಕಿಟಕಿ ತೆರೆದರೆ ಬರೀ ಗುಡ್ಡ ಕಾಣುವ ಊರಲ್ಲಿ ಕೂತವರು
ಹೇಳುತ್ತಾರೆ, ನಮ್ಮ ದೇವಗಡದ ದೀಪ
ಎಷ್ಟು ಕ್ಷಣಕ್ಕೊಮ್ಮೆ ಕಣ್ಣು ಮಿಟುಕಿಸಬೇಕೆಂದು.
ನಂಬುತ್ತೇನೆ. ನಂಬಿ,
ರಾತ್ರಿ ಒಮ್ಮೆ ಹೊರಗೆ ಬಂದು ಎಣಿಸುತ್ತೇನೆ.

ಬಂದರು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಟೈಪು ಮಾಡಿದ ಬೆರಳು.
ಈಗ ಹಾಯಿದೋಣಿಗಳ ಶೆಡ್ಡಿನಲ್ಲಿ
ಹನ್ನೊಂದು ನಕಾಶೆಗಳಿಗೆ ನಾನೇ ಯಜಮಾನಿ.
ಟ್ರೇಸಿಂಗ್ ಕಾಗದ, ಎರಡು ಮೊನೆಯ ಕೈವಾರ,
ಕೂದಲೆಳೆಯ ಗೆರೆ ಬೀಳುವ ಪೆನ್ನು, ನೇರಳೆ ಶಾಯಿ.
ಸರಕಾರ ಹೇಳಿದ್ದಷ್ಟೇ ಶಾಯಿಯಲ್ಲಿ.
ಉಳಿದದ್ದು ಪೆನ್ಸಿಲ್.

ಅಳಿಸಕೂಡದು, ಅದು ಮೊದಲ ಪಾಠ.
ಬೋಯೆ ತೆಗೆದರೆ ಬೋಯೆಯ ಮೇಲೊಂದು ಗೀಟು;
ಹಳೆಯದು ಗೀಟಿನಡಿ ಓದುವಂತಿರಬೇಕು.
ಆಮೇಲೆ ಎಡಗಡೆಯ ಕೆಳಮೂಲೆಯಲ್ಲಿ
ಇಸವಿ, ಸೂಚನೆಯ ನಂಬರು.

ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಹಂಚಿನಾಳರು ನಗುತ್ತಿದ್ದರು:
‘ಇದೆಲ್ಲಾ ಫೋನಿನಾಗ ಐತಲ್ರೀ, ಮುಕ್ತಾಬಾಯಿ.’
ಹೋದ ನವೆಂಬರಿನ ಹುಣ್ಣಿಮೆಯ ಮಾರನೆ ದಿನ
ಅವರ ಬಿಳಿ ಫೈಬರ್ ದೋಣಿ
ಕಾಳಿಯ ಅಳಿವೆಯಲ್ಲಿ, ಮರಳ ಮೇಲೆ,
ಎಮ್ಮೆಯ ಹಾಗೆ ಒಂದು ಮಗ್ಗುಲಿಗೆ ಮಲಗಿಬಿಟ್ಟಿತು.
ಫೋನಿನಲ್ಲಿ ಆಗಲೂ ಎರಡು ಮೀಟರು ನೀರಿತ್ತು.
ನೀರಿಗೆ ಅದು ಗೊತ್ತಿರಲಿಲ್ಲ.
ಆರು ತಾಸು, ಭರತಿ ಬರುವ ತನಕ,
ಡಾಕ್ಟರು ವಾಲಿದ ಹಲಗೆಯ ಮೇಲೆ ಕೂತು ಶೇಂಗಾ ತಿಂದರು.
ಕೋಡಿಬಾಗದ ಹುಡುಗರು ನಡೆದುಕೊಂಡೇ ಹೋಗಿ
ಮಾತಾಡಿಸಿ ಬಂದರು.

ಆ ದಿಣ್ಣೆ ಯಾವ ಸೂಚನೆಯಲ್ಲೂ ಬಂದಿಲ್ಲ.
ಮಳೆಗಾಲಕ್ಕೊಮ್ಮೆ ಜಾಗ ಬದಲಿಸುವುದಕ್ಕೆ
ನಂಬರು ಕೊಡುವವರು ಯಾರು?
ಅಪ್ಪ ಹಗ್ಗಕ್ಕೆ ಸೀಸ ಕಟ್ಟಿ ಇಳಿಬಿಡುತ್ತಿದ್ದ,
ಮೇಲೆಳೆದು ಎರಡೂ ಕೈ ಚಾಚಿ ಅಳೆಯುತ್ತಿದ್ದ:
ಒಂದು ಮಾರು, ಎರಡು ಮಾರು.
ಗಿಡ್ಡ ಮನುಷ್ಯ. ಅವನ ಸಮುದ್ರ
ಎಲ್ಲರದಕ್ಕಿಂತ ತುಸು ಆಳ.
ನಾನು ಅಕ್ಟೋಬರಿನಲ್ಲಿ ಸೋಯ್ರು ಹರಿಕಂತ್ರನ ಪಾತಿಯಲ್ಲಿ ಕೂತು
ಗೀಟು ಹಾಕಿದ ಬಿದಿರಿನಿಂದ ಅಳಿವೆಯನ್ನು ಚುಚ್ಚುತ್ತೇನೆ.
ಬಂದು ಪೆನ್ಸಿಲಿನಲ್ಲಿ: ೦.೭, ೦.೯,
ಇಲ್ಲಿ ನಂಬಬೇಡಿ.

ಈ ಸಲದ ಸೂಚನೆ:
ಮುಳುಗಿದ ಬಾರ್ಜು, ಹನ್ನೊಂದು ಮೀಟರು, ತೆಗೆದುಹಾಕಿ.
ನೇರಳೆ ಗೀಟೆಳೆದು ಊದಿ ಒಣಗಿಸುತ್ತಿದ್ದೆ.
ಸೋಯ್ರು ಬಾಗಿಲಲ್ಲೇ ನಿಂತು ನಕ್ಕ.
‘ಯಾರು ತೆಗೆದ್ರಂತೆ? ನಿನ್ನೆ ಅಲ್ಲೇ ಗೊಬ್ರೊ ಹಿಡ್ದೆ, ಏಳು ಕಿಲೊ.
ಕಲ್ಲೂ ಇಲ್ದೆ ಕಬ್ಬಿಣವೂ ಇಲ್ದೆ ಗೊಬ್ರೊ ನಿಲ್ತದಾ, ಬಾಯಿ?’
ಪೆನ್ಸಿಲಿಗೆ ಕೈ ಹಾಕಿದೆ. ನಗು ನಿಂತಿತು.
‘ಬರೀಬೇಡ. ಶನಿವಾರ ಬಂತಂದ್ರೆ ಗಾಳ ತಕಂಡು
ಹುಬ್ಬಳ್ಳಿ ಪೂರಾ ಅಲ್ಲೇ ಇರ್ತದೆ.’

ನಕಾಶೆಯ ಭಾಷೆಯಲ್ಲಿ ಎರಡಕ್ಷರ ಉಂಟು,
‘ಇರುವುದು ಅನುಮಾನ’ ಎಂಬುದಕ್ಕೆ.
ಯಾವನೋ ಕಪ್ತಾನ ಒಂದು ರಾತ್ರಿ ಕಂಡೆನೆಂದ ಬಂಡೆ,
ಮತ್ತೆ ಯಾರಿಗೂ ಕಂಡಿಲ್ಲ,
ಇಲ್ಲವೆನ್ನಲೂ ಯಾರಿಗೂ ಧೈರ್ಯವಿಲ್ಲ.
ಅದನ್ನು ಬರೆಯಬಹುದಿತ್ತು. ಆದರೆ ಅನುಮಾನ
ಬಾರ್ಜಿನದಲ್ಲ, ನನ್ನದು.
ಅಷ್ಟು ಆಳದಲ್ಲಿ ಯಾವ ಹಾಯಿದೋಣಿಯ ತಳವೂ ತಾಗದು.
ಲಂಗರು ಸಿಕ್ಕೀತು; ಎಳೆಯಹೋದವನ ಬೆರಳು ಹೋದೀತು.
ಸೋಯ್ರುವಿನ ಮನೆಯಲ್ಲಿ ರಾತ್ರಿ ಆರು ತಟ್ಟೆ.

ಗೀಟಿನ ಪಕ್ಕ ಚುಕ್ಕೆಚುಕ್ಕೆಯ ಮೊಟ್ಟೆ ಬರೆದೆ, ಪೆನ್ಸಿಲಿನಲ್ಲಿ.
ಒಳಗೆ: ಲಂಗರು ಬೇಡ.
ಅವನು ಎರಡು ಸಲ ಓದಿಸಿಕೊಂಡ.
‘ಮೀನಿನ ಸುದ್ದಿ ಇಲ್ವಲ್ಲ?’
ಇಲ್ಲ ಎಂದೆ.
ಮರುದಿನ ಮೇಜಿನ ಮೇಲೆ ಬಾಳೆಲೆಯಲ್ಲಿ ಗೊಬ್ರೊ ತಲೆ.
ಅದರ ನೀರು ಇಳಿದು ನಕಾಶೆಯ ಮೂಲೆಯಲ್ಲಿ
ಈ ವರ್ಷದ ನಂಬರೊಂದು ಹಬ್ಬಿಕೊಂಡಿತು.

ಮೇ ಮುಗಿಯುತ್ತ ಬಂತು. ದೋಣಿಗಳಿಗೆಲ್ಲ ತಾಡಪಾಲು.
ಡಾಕ್ಟರು ಫೋನು ಮಾಡಿದ್ದರು:
‘ಕಾಳಿ ಬಾಯಿ ಒಂದಿಷ್ಟು ನೋಡಿ ಇಟ್ಟಿರ್ರಿ.’
ಇಡುತ್ತೇನೆ. ಮೊದಲು ಮಳೆ ತನ್ನ ಕೆಲಸ ಮುಗಿಸಲಿ.
ಪೆನ್ಸಿಲು ಮೋಟಾಗಿದೆ;
ನಾರಳಿ ಹುಣ್ಣಿಮೆಯೊಳಗೆ ಒಂದು ತರಬೇಕು.