ಹದಿನಾರರಲ್ಲಿ ಒಂದು

ಹೊಸಮನೆಯ ಮೂರನೇ ತಿರುವು, ನಮ್ಮ ಬಾಗಿಲ ಕಟ್ಟೆ.
ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿ
ಶನಿವಾರ ಎರಡೂವರೆಗೆ ಬೆಳ್ಳಮ್ಮ ಕೂರುತ್ತಾಳೆ.
ಅವಳ ಬೆಳಗಿನ ಹೂವು ಮುಗಿದಿದೆ, ಸಂಜೆಯದು ಬಂದಿಲ್ಲ.
ನನ್ನದು ಅರ್ಧ ದಿನದ ಶಾಲೆ.

ನಾಲ್ಕು ಕವಡೆ. ನಾನು ಗಣಿತದ ಟೀಚರು.
ಒಂದೊಂದಕ್ಕೂ ಎರಡೇ ಬಗೆ, ಬಾಯಿ ಮೇಲೆ, ಇಲ್ಲ ಕೆಳಗೆ;
ಎಲ್ಲ ಕೂಡಿ ಹದಿನಾರು.
ಅದರೊಳಗೆ ಎರಡು ಬೀಳುವುದು ಆರು ಬಗೆ,
ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು,
ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ.
ಒಂಬತ್ತನೇ ‘ಬಿ’ಯ ಹುಡುಗಿಯರಿಗೆ
ಇಷ್ಟನ್ನೂ ಹಲಗೆಯ ಮೇಲೆ ಬಿಡಿಸಿ ತೋರಿಸಿ
ಇಲ್ಲಿಗೆ ಬಂದು ಸೋಲುತ್ತೇನೆ.
ಸೋತವರು ಮಾಡಬೇಕು ಬೆಲ್ಲದ ಕಾಫಿ.

‘ಮೂರು ಸಲ ಎರಡೇ ಬಿತ್ತು, ಈಗ ಬೇರೆ ಬೀಳಲೇಬೇಕು’
ಎಂದು ಗೊಣಗುವವಳು, ನಂಬಿ, ಬೆಳ್ಳಮ್ಮನಲ್ಲ, ನಾನು.
ಕವಡೆಗೆ ನೆನಪಿಲ್ಲ, ಇದು ನಾನೇ ಮಾಡುವ ಪಾಠ.
ಕವಡೆ ಅಂಗೈಗೆ ಬಂದರೆ
ಪಾಠ ನನಗೇ ನೆನಪಿಲ್ಲ.

ಹೋದ ವಾರ ಮನೆಗೆಲಸ ಕೊಟ್ಟಿದ್ದೆ:
ರೂಪಾಯಿಯನ್ನು ಐವತ್ತು ಸಲ ಚಿಮ್ಮಿಸಿ, ಬಿದ್ದದ್ದು ಬರೆದು ತನ್ನಿ.
ಕೂತಲ್ಲೇ ಬರೆದವರ ಸುಳ್ಳು ಕಣ್ಣಿಗೆ ಹೊಡೆಯಿತು:
ಸಿಂಹ ಸಂಖ್ಯೆ ಸಿಂಹ ಸಂಖ್ಯೆ ಸಿಂಹ ಸಿಂಹ ಸಂಖ್ಯೆ,
ಮದುವೆ ಮನೆಯ ಸೀರಿಯಲ್ ಸೆಟ್ಟಿನಷ್ಟು ಅಚ್ಚುಕಟ್ಟು.
ತಬಸ್ಸುಮಳ ಹಾಳೆಯಲ್ಲಿ ಮಾತ್ರ ಆರು ಸಿಂಹ ಒಂದೇ ಸಾಲು.
‘ತಪ್ಪಾ ಮಿಸ್?’ ಕೈಯಲ್ಲಿ ರಬ್ಬರು ಹಿಡಿದೇ ನಿಂತಿದ್ದಳು.
ಅಳಿಸಬೇಡ ಅಂದೆ. ನಿಜ ಹೀಗೇ
ಗುಂಪು ಗುಂಪಾಗಿ ಬರುತ್ತದೆ.

ನಮ್ಮೆಜಮಾನರದು ಇನ್ನೊಂದು ಗಣಿತ:
ಅವರು ಸ್ಕೂಟರು ತೆಗೆದಾಗಲೇ ರೈಲ್ವೆ ಗೇಟು ಬೀಳುವುದಂತೆ.
ತೆರೆದಿದ್ದ ದಿನ ಅಲ್ಲೊಂದು ಗೇಟಿರುವುದೇ
ಅವರಿಗೆ ಕಾಣುವುದಿಲ್ಲ.

ಬೇಸಿಗೆ ರಜೆಯಲ್ಲಿ ನೋಟುಪುಸ್ತಕ ಇಟ್ಟುಕೊಂಡು ಕೂತೆ.
ಮುನ್ನೂರಿಪ್ಪತ್ತು ಸಲ ಹಾಕಿದ್ದು, ಗೀಟೆಳೆದು ಎಣಿಸಿದ್ದು:
ಒಂದು, ಮೂವತ್ತೊಂಬತ್ತು. ಎರಡು, ನೂರಿಪ್ಪತ್ತೊಂದು.
ಮೂರು, ನೂರಾ ಹದಿನೆಂಟು! ಚೌಕ, ನಲವತ್ತೊಂದು.
ಇಪ್ಪತ್ತು ಬರಬೇಕಿದ್ದ ಬಾರ
ಒಂದೇ ಒಂದು.

ನಾಲ್ಕನ್ನೂ ಬೆರಳಲ್ಲಿ ಸವರಿದೆ.
ಒಂದರ ಬೆನ್ನು ಸವೆದು ಚಪ್ಪಟೆ,
ನೆಲಕ್ಕೆ ಬಿದ್ದದ್ದೇ ಅಂಗಾತ ಮಲಗಿ ಆಕಳಿಸುತ್ತದೆ.
‘ಇದು ಹಿಂಗಿದೆಯಲ್ಲೇ ಬೆಳ್ಳಮ್ಮ!’
‘ಅದು ನಮ್ಮತ್ತೆ ಕಾಲದ್ದು. ಕಲ್ಲಿಗೆ ತಿಕ್ಕಿದ್ರು.
ಬಾಯ್ ಬಿಟ್ಕಂಡೇ ಬೀಳ್ತದೆ ಯಾವಾಗ್ಲೂ.
ನೀವು ಓದಿದೋರಲ್ವ,
ಗೊತ್ತಿರ್ತದೆ ಅಂದ್ಕಂಡೆ.’

ನಾಲ್ಕು ವರ್ಷ!
ಬಾರ ಬೀಳುತ್ತದೆಂದು ಅವಳ ಕಾಯಿಯ ಹಿಂದೆ
ಎಂಟು ಮನೆ ದೂರದಲ್ಲಿ ಹೊಂಚಿ ಕೂತಿದ್ದೆ.
ಎರಡಕ್ಕೆ ಹೆದರಿ ಮೂರರಲ್ಲಿ ಅಡಗಿದ್ದೆ,
ಅವಳು ಬಂದು ಬಂದು ಕಡಿದಿದ್ದಳು.
ನನ್ನ ಲೆಕ್ಕ ತಪ್ಪಿರಲಿಲ್ಲ;
ಅದು ಈ ಕವಡೆಗಳ ಲೆಕ್ಕವಾಗಿರಲಿಲ್ಲ.

‘ನಾಳೆ ಎಷ್ಟು ಮೊಳ ಕಟ್ತೀಯ?’
ಅವಳು ತುಂಗೆಯ ಕಡೆಯ ಮೋಡ ನೋಡಿದಳು.
‘ಹುಣ್ಣಿಮೆಗೆ ನಲವತ್ತು. ಹಿಂಗೇ ಮೋಡ ಇದ್ರೆ ಮೂವತ್ತು.’
‘ಹೆಂಗೆ ಹೇಳ್ತಿ?’
‘ಮಾರಿದ ದಿನಾನೂ ನೆನಪಿರ್ಬೇಕು,
ಬಾಡಿದ ದಿನಾನೂ.’
ಇಷ್ಟೇ ಅಂದು ಕವಡೆ ನನ್ನತ್ತ ತಳ್ಳಿದಳು.

ಈಗ ನನಗೂ ಗೊತ್ತು. ಮೂರರಲ್ಲಿ ನಿಲ್ಲುವುದಿಲ್ಲ,
ಚೌಕಕ್ಕೆ ಆಸೆಪಡುತ್ತೇನೆ, ಬಾರವನ್ನು ಮರೆತಿದ್ದೇನೆ.
ಎರಡಾಟ ಗೆದ್ದೆ. ಮೂರನೆಯದರಲ್ಲಿ
ಕೊಡವಿ ಹಾಕಿದೆ. ನಾಲ್ಕೂ ಬೋರಲು,
ಆ ಬೆನ್ನು ಸವೆದದ್ದು ಕೂಡ
ಕಲ್ಲಿನ ಸಂದಿಗೆ ತಾಗಿ ಮಗುಚಿಕೊಂಡಿದೆ.
ಬಾರ.

ಎಂಟು ಮನೆಯಾಚೆ ನೋಡಿದೆ.
ಕಡಿಯಲು ಅಲ್ಲಿ ಯಾವ ಕಾಯಿಯೂ ಇರಲಿಲ್ಲ.
ಬೆಳ್ಳಮ್ಮ ಸೆರಗು ಬಾಯಿಗಿಟ್ಟು ನಕ್ಕಳು, ಆಮೇಲೆ
ಆಟ ಮುಗಿಯುವ ಮೊದಲೇ
ಲೋಟ ನನ್ನ ಮುಂದಿಟ್ಟಳು.